ಕಾಳು ತೆಗೆಯದೆ ಬಿಟ್ಟ ಎರಡು ಫೋನು

ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಮೊರದ ಒಂದು ಬದಿಗೆ ಆರಿಸಬೇಕಾದ್ದು, ಇನ್ನೊಂದು ಬದಿಗೆ ಆರಿಸಿದ್ದು, ನಡುವೆ ನನ್ನ ಬೆರಳು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಕುಡುಗೋಲಿನ ತುದಿ ಇಟ್ಟು ತಿರುವಿದಂತಾಯಿತು. ಬೆರಳಿಗೆ ಸಿಕ್ಕಿದ್ದ ಕಲ್ಲು ಜಾರಿ ಮತ್ತೆ ಬೇಳೆಯೊಳಗೆ ಸೇರಿಕೊಂಡಿತು. ಅದನ್ನು ಹುಡುಕುವ ನೆವದಲ್ಲಿ ತಲೆ ತಗ್ಗಿಸಿ, ತುಟಿ ಕಚ್ಚಿ, ಆ ಅಲೆ ಇಳಿಯುವ ತನಕ ಮೊರವನ್ನೇ ನೋಡುತ್ತ ಕೂತೆ.

ಎದುರಿಗೆ ಕಾಶವ್ವ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಕಾಲಿನ ಹೆಬ್ಬೆರಳಿಗೆ ಫೋನಿನ ತಂತಿಯೊಂದನ್ನು ಸಿಕ್ಕಿಸಿ, ಅದರ ಮೈಗೆ ಕೆಂಪು ಹಳದಿ ನೂಲು ಹೆಣೆಯುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಮೆಣಸಿನಕಾಯಿ ಬಜ್ಜಿ. ಒಂದು ಸುತ್ತು ನೂಲು, ಒಂದು ತುತ್ತು ಬಜ್ಜಿ.

ಕಾಶವ್ವ ನನ್ನ ಓರಗಿತ್ತಿ. ನಾನು ಅಣ್ಣನ ಹೆಂಡತಿ, ಅವಳು ತಮ್ಮನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ನಮ್ಮನ್ನು ಒಂದೇ ಮನೆಯಲ್ಲಿ ಜಗಳವಾಡಿಕೊಂಡಿರಲು ಬಿಟ್ಟು ಹೋಗಿ ಬಹಳ ಕಾಲವಾಯಿತು. ಅವಳು ಈ ಮನೆಗೆ ಬಂದಾಗ ಇನ್ನೂ ತನ್ನ ಜಡೆ ತಾನು ಹಾಕಿಕೊಳ್ಳಲು ಬಾರದ ಹುಡುಗಿ. ಜಡೆ ಹಾಕಿದ ಕೈಯಿದು, ಆದ್ದರಿಂದ ಅವಳ ಮೇಲೆ ಸಿಟ್ಟು ಮಾಡುವ ಹಕ್ಕು ನನಗೆ ಸ್ವಲ್ಪ ಹೆಚ್ಚೇ ಇದೆ ಎಂದು ನಾನು ತಿಳಿದುಕೊಂಡಿದ್ದೇನೆ.

"ಅಕ್ಕಾ, ನನ್ನ ಹೊಟ್ಟಿ ನೋಡ, ಹೂವಿನಂಗ ಐತಿ," ಎಂದಳು ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ. "ಓಂಕಾಳಿನ ಕಷಾಯ ಅಂದ್ರ ಕಷಾಯ. ಎಂಥಾ ಬ್ಯಾನಿ ಇತ್ತು, ಹೇಳದ ಕೇಳದ ಓಡಿ ಹೋತು. ನೀ ಮಾತ್ರ ಕುಡಿ ಅಂದ್ರ ಮಾರಿ ಕಿವಚತಿ."

"ಕುಡಿತೀನಿ ತಾ," ಎಂದೆ.

ಅವಳು ಎದ್ದು ಲೋಟ ತಂದಳು. ಕುಡಿದೆ. ನಾಲಿಗೆ ಮರಗಟ್ಟಿತು, ಬೇರೇನೂ ಆಗಲಿಲ್ಲ. ಅವಳ ಬೇನೆ ಎಲ್ಲಿಗೂ ಓಡಿ ಹೋಗಿರಲಿಲ್ಲ. ಎದುರಿಗೇ, ಮೊರದ ಈಚೆಗೆ, ನನ್ನ ಪಕ್ಕೆಯೊಳಗೆ ಕೂತಿತ್ತು.

ನಮ್ಮೂರಿನಲ್ಲಿ ಎರಡು ಫೋನು ತಂತಿಯಿಲ್ಲದೆ ಜೋಡಿಯಾದರೆ ಫೋನಿನವರೂ ಜೋಡಿಯಾಗುತ್ತಾರೆ. ಹಾಡು, ಫೋಟೋ ಹೋಗುವ ದಾರಿಯಲ್ಲೇ ಹಲ್ಲುನೋವು, ಮಂಡಿನೋವು, ಹೊಟ್ಟೆಯ ಉರಿ ಎಲ್ಲ ಹೋಗುತ್ತದೆ. ಚಾರ್ಜು ಕಡಿಮೆಯಿದ್ದವರ ನೋವು ಚಾರ್ಜು ಹೆಚ್ಚಿದ್ದವರ ಮೈಗೆ ಇಳಿಯುತ್ತದೆ, ಕೂಗಳತೆಯೊಳಗೆ ಇರುವ ತನಕ ಅಲ್ಲೇ ಇರುತ್ತದೆ. ಯಾಕೆ ಹಾಗೆ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮೂರ ಬಾವಿ ನೀರು ಯಾಕೆ ಸಪ್ಪಗಿದೆ ಎಂದರೆ ಅವರು ಏನು ಹೇಳುತ್ತಾರೋ ನಾವೂ ಅಷ್ಟೇ ಹೇಳುತ್ತೇವೆ. ಹೀಗಾಗಿ ಊರಿಗೆ ಬಂದ ಪ್ರತಿ ಫೋನಿನ ಬೆನ್ನು ಬಿಚ್ಚಿ, ಜೋಡಿ ಮಾಡುವ ಆ ಎಳ್ಳಿನಷ್ಟು ಕಾಳನ್ನು ತೆಗೆದು ಸುಣ್ಣದ ಗಡಿಗೆಗೆ ಹಾಕುವುದು ರೂಢಿ. ಮಾತಾಡಲು ಅಡ್ಡಿಯಿಲ್ಲ. ದೂರದಿಂದ ಬರುವ ಮಾತು ಬರೀ ಮಾತಾಗಿಯೇ ಬರುತ್ತದೆ, ಹತ್ತಿರದ ಜೋಡಿಯೇ ಅಪಾಯ. ಒಬ್ಬರಿಂದೊಬ್ಬರಿಗೆ ಹಾಡು ಬೇಕಾದರೆ ಪಕ್ಕಪಕ್ಕ ಕೂತು ತಂತಿ ಚುಚ್ಚಿಕೊಳ್ಳಬೇಕು. ನಮ್ಮಲ್ಲಿ ಗಂಡಸರ ಜೇಬಿನಲ್ಲಿ, ಹೆಂಗಸರ ಸೊಂಟದಲ್ಲಿ ಒಂದೊಂದು ತಂತಿ ಇದ್ದೇ ಇರುತ್ತದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬಣ್ಣದ ನೂಲು ಹೆಣೆದ ಉದ್ದನೆಯ ತಂತಿ ಕೊಡುತ್ತಾರೆ. ಸುತ್ತಲ ಮದುವೆಗಳಿಗೆಲ್ಲ ಕಾಶವ್ವನದೇ ತಂತಿ. ನಮ್ಮ ಮನೆ ನಡೆಯುವುದೂ ಅದರ ಮೇಲೆಯೇ.

ಇನ್ನೊಂದು ರೂಢಿಯಿದೆ. ಯಾರೂ ಫೋನನ್ನು ಪೂರ್ತಿ ತುಂಬಿಸುವುದಿಲ್ಲ. ಕಾಳು ತೆಗೆದ ಮೇಲೆ ಭಯವಿಲ್ಲ ಎಂದು ಗೊತ್ತಿದ್ದರೂ ಅರ್ಧ ದಾಟುವುದರೊಳಗೆ ಕಿತ್ತು ಇಡುತ್ತಾರೆ. ಹೆಣ್ಣು ನೋಡಲು ಬಂದ ಹುಡುಗನ ಫೋನು ತುಂಬಿದ್ದು ಕಂಡು, "ಕಂಡವರ ಬ್ಯಾನಿ ಹೊರೋ ಮನಶಾ, ನಾಳೆ ಮನಿ ಉಳಸತಾನೇನು?" ಎಂದು ಎದ್ದು ಹೋದ ಮಾವಂದಿರಿದ್ದಾರೆ.

ಕಾಳು ತೆಗೆಯುವ ಕೆಲಸ ಬೇಳೆಯಲ್ಲಿ ಕಲ್ಲು ಉಳಿಸದ ಹೆಂಗಸರದು. ನಮ್ಮ ಓಣಿಗೆ ಅದು ನನ್ನ ಕೆಲಸ. ರವಿಕೆಯ ಅಂಚಿನಲ್ಲಿ ಸೂಜಿಯೊಂದು ಯಾವಾಗಲೂ ಚುಚ್ಚಿಕೊಂಡೇ ಇರುತ್ತದೆ. ಎಷ್ಟೋ ಫೋನುಗಳ ಕಾಳು ತೆಗೆದಿದ್ದೇನೆ. ಎರಡನ್ನು ಬಿಟ್ಟಿದ್ದೆ. ಒಂದು ಕಾಶವ್ವನದು, ಇನ್ನೊಂದು ನನ್ನದು.

ಯುಗಾದಿಯ ಹಿಂದಿನ ಮಾತು. ಕಾಶವ್ವನಿಗೆ ಹೊಟ್ಟೆನೋವು ಶುರುವಾಗಿತ್ತು. ಉಂಡ ಸ್ವಲ್ಪ ಹೊತ್ತಿಗೆ ಬಲಪಕ್ಕೆ ಹಿಡಿದುಕೊಂಡು, ಕಂಬಳಿಹುಳ ಮುಟ್ಟಿದರೆ ಸುತ್ತಿಕೊಳ್ಳುತ್ತದಲ್ಲ, ಹಾಗೆ ಸುತ್ತಿಕೊಂಡು ಬೀಳುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಡಾಕ್ಟರು ಹೊಟ್ಟಿ ಕೊಯ್ಯತಾರ, ಓಂಕಾಳು ಕೊಯ್ಯಂಗಿಲ್ಲ," ಎಂದು ವಾದ. ಅವಳ ನರಳಾಟ ನನಗೆ ಕೇಳಲಾಗಲಿಲ್ಲ. ಆಗಲೇ ನಮಗಿಬ್ಬರಿಗೂ ಹೊಸ ಫೋನು ಬಂದವು. ಕಾಳು ತೆಗೆಯುತ್ತೇನೆಂದು ಒಳಗೆ ಒಯ್ದೆ. ಬೆನ್ನು ಬಿಚ್ಚಿದೆ. ಸೂಜಿ ಹಿಡಿದೆ. ಹೊರಗೆ ಅವಳು ನರಳಿದಳು. ಸೂಜಿಯನ್ನು ರವಿಕೆಗೆ ಚುಚ್ಚಿ, ಎರಡೂ ಫೋನನ್ನು ಜೋಡಿ ಮಾಡಿ, ಬೆನ್ನು ಮುಚ್ಚಿ, ನನ್ನದನ್ನು ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಹೊರಗೆ ನರಳಾಟ ನಿಂತಿತು. ಒಳಗೆ ನಾನು ಬೀಸುಕಲ್ಲಿನ ಗೂಟ ಹಿಡಿದುಕೊಂಡು ನೆಲಕ್ಕೆ ಕೂತೆ.

ಅಂದಿನಿಂದ ನನ್ನ ಬದುಕು ಆ ಫೋನಿನ ಮೂಲೆಯ ಚಾರ್ಜಿನ ಪುಟ್ಟ ಪಟ್ಟಿಯಲ್ಲೇ ನಿಂತಿತು. ಅವಳದಕ್ಕಿಂತ ನನ್ನದು ಮೇಲಿರಬೇಕು, ಅವಳು ಕೂಗಳತೆ ದಾಟಬಾರದು. ಅವಳು ನೂಲು ತರಲು ಪೇಟೆಗೆ ಹೊರಟರೆ ನನಗೂ ಎಲೆಅಡಿಕೆ ಬೇಕಾಗುತ್ತಿತ್ತು. ಅವಳು ಹೊಳೆಗೆ ಹೊರಟರೆ ನನ್ನ ಸೀರೆಯೂ ಕೊಳೆಯಾಗುತ್ತಿತ್ತು. "ಬಾಲದಂಗ ಬರ್ತಿ ಏನಬೇ ಹಿಂದಿಂದ," ಎಂದು ಅವಳು ರೇಗುವಳು. ಕರೆಂಟು ಹೋದರೆ ನನ್ನ ಎದೆ ಹಾರುತ್ತಿತ್ತು. ಒಮ್ಮೆ ಮದುವೆಮನೆಯಲ್ಲಿ ಯಾರೋ ಪುಣ್ಯಾತ್ಮರು ಕಾಶವ್ವನ ಫೋನನ್ನು ಚಾರ್ಜಿಗೆ ಹಾಕಿಬಿಟ್ಟಿದ್ದರು. ತಂತಿಯ ಬಣ್ಣದ ಬಗ್ಗೆ ಬೀಗರೊಡನೆ ಮಾತಾಡುತ್ತಿದ್ದವಳು ತಟ್ಟನೆ ನಿಂತು ಪಕ್ಕೆ ಮುಟ್ಟಿಕೊಂಡಳು. ಮುಖ ಬಿಳಿಚಿತು. ನಾನು ಜನರನ್ನು ನೂಕಿಕೊಂಡು ಹೋಗಿ ಆ ಫೋನನ್ನು ಕಿತ್ತು, ನನ್ನದನ್ನು ಚುಚ್ಚಿ, ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ನಿಂತೆ, ಊಟಕ್ಕೆ ಕರೆದರೂ ಹೋಗಲಿಲ್ಲ. ಹಿಂದೆ ಯಾರೋ, "ಫಕೀರವ್ವಗ ಹೊಟ್ಟಿಕಿಂತ ಫೋನು ದೊಡ್ಡದು," ಎಂದು ನಕ್ಕರು.

ಇದರ ನಡುವೆ ಕಾಗದವೊಂದು ನನ್ನ ಕೊರಳಿಗೆ ಬಿದ್ದಿತ್ತು. ಸಂತೆಗೆ ಬಂದ ಹೊರಗಿನ ಹೆಂಗಸೊಬ್ಬಳ ಫೋನು, ಕಾಳು ತೆಗೆಯಲು ತಡವಾದ ದರ್ಜಿ ಗೂಳಪ್ಪನ ಹೊಸ ಫೋನಿಗೆ ಹೇಗೋ ಜೋಡಿಯಾಯಿತು. ಆಕೆ ತುಂಬುಬಸುರಿ. ಗೂಳಪ್ಪ ಹೊಲಿಗೆ ಯಂತ್ರದ ಮೇಲೆಯೇ ಬಿದ್ದು, ಕೂಸು ಹುಟ್ಟುವ ತನಕ ಹೊರಳಾಡಿದ. ತೊಟ್ಟಿಲು ಶಾಸ್ತ್ರಕ್ಕೆ ಆಕೆ ಅವನನ್ನೂ ಕರೆದಿದ್ದಳು, ಅದು ಬೇರೆ ಮಾತು. ಊರ ಪಂಚರು ಸೇರಿದರು. ಸೂಜಿ ಹಿಡಿದ ಹೆಂಗಸರನ್ನೇ ಎಷ್ಟಂತ ನಂಬುವುದು? ಕಂಪನಿಗೇ ಬರೆಯೋಣ, ನಮ್ಮೂರಿಗೆ ಬರುವ ಫೋನುಗಳಿಗೆ ಆ ಕಾಳನ್ನು ಕಾರ್ಖಾನೆಯಲ್ಲೇ ಹಾಕದಿರಲಿ, ಇರುವ ಫೋನುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಲಿ. ಕಂಪನಿಯ ಏಜೆಂಟನೂ, "ಬರೆದು ಕೊಡಿ, ಆಗುತ್ತೆ," ಎಂದಿದ್ದ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ದುಂಡಗಿವೆಯೆಂದು ಬರೆಯುವ ಕೆಲಸ, ಪಾಕೀಟು ಮಾಡಿ ಟಪಾಲಿಗೆ ಹಾಕುವ ಕೆಲಸ ಎರಡೂ ನನಗೇ ಬಂದವು. ಬರೆದೆ. ಮಡಚಿದೆ. ಹಾಕಲಿಲ್ಲ. ಹಾಕಿದರೆ ಹೊಸ ಫೋನು ಬರುತ್ತದೆ, ಆ ಎರಡು ಫೋನು ಹೋಗುತ್ತವೆ, ಕಾಶವ್ವ ಮತ್ತೆ ಸುತ್ತಿಕೊಂಡು ಬೀಳುತ್ತಾಳೆ.

ಆ ಬೇಳೆ ಆರಿಸುವ ದಿನವೂ ಪಂಚರ ಹಿರಿಯ ಹುಚ್ಚೀರಪ್ಪ ಬಾಗಿಲಲ್ಲಿ ಕೆಮ್ಮಿ ಒಳಗೆ ಬಂದ.

"ಕಾಗದ ಹೋತೇನವಾ ಫಕೀರವ್ವಾ?"

"ಮಸಿ ಚೆಲ್ಲೇತಿ. ಮತ್ತೊಮ್ಮಿ ಬರಿಯಾಕತ್ತೀನಿ."

"ಮೊನ್ನಿ ಸಹಿ ಕಡಿಮಿ ಅಂದಿ. ಅದರ ಹಿಂದ ಪಾಕೀಟು ಸಣ್ಣದು ಅಂದಿ. ಇನ್ನ ಕಂಪನಿ ದೂರ ಆತು ಅಂತಿಯೇನು?"

ಕಾಶವ್ವ ಬಜ್ಜಿ ತೋರಿಸಿ, "ಕುಂದರ್ರಿ, ಒಂದ ತಿನ್ರಿ. ನಮ್ಮಕ್ಕನ ಅಕ್ಷರ ಅಂದ್ರ ಹೋಳಗಿ ಇದ್ದಂಗ, ಒಂದೊಂದ ಲಟ್ಟಿಸಿ ಬೇಯಿಸಬೇಕು," ಎಂದಳು.

"ಹುಣ್ಣಿವಿ ತನಕ ನೋಡತೀನಿ," ಎಂದ ಹುಚ್ಚೀರಪ್ಪ ಬಜ್ಜಿ ಮುಟ್ಟದೆ. "ಆಮ್ಯಾಲ ಸಾಲಿ ಮಾಸ್ತರ ಕಡೆ ಬರಸತೀನಿ. ನಿನ್ನ ಹೋಳಗಿ ನೀನ ಇಟಗೋ."

ಅವನು ಹೋದ ಮೇಲೆ ಕಾಶವ್ವ ಹೆಣೆದ ತಂತಿಯನ್ನು ಬೆಳಕಿಗೆ ಹಿಡಿದು, "ಅಕ್ಕಾ, ಇದು ಹಳದಿನೋ ಕೆನಿ ಬಣ್ಣನೋ, ಕಣ್ಣ ಮಂಜಾಗೇತಿ, ಸ್ವಲ್ಪ ನೋಡ," ಎಂದಳು. ನೋಡಲು ಹತ್ತಿರ ಹೋದೆ. ನೂಲು ಹಳದಿಯೇ. ಅದರ ಹಿಂದಿದ್ದ ಅವಳ ಕಣ್ಣಿನ ಬಿಳಿಯೂ ಹಳದಿ.

ಬೇನೆಯನ್ನು ನಾನು ತೆಗೆದುಕೊಂಡಿದ್ದೆ. ಈ ಹಳದಿ ನನ್ನ ಕಡೆಗೆ ಬಂದಿರಲಿಲ್ಲ. ಒಳಗೆ ಹೋಗಿ ಕನ್ನಡಿಯಲ್ಲಿ ನನ್ನ ಕಣ್ಣು ಕೆಳಗೆಳೆದು ನೋಡಿಕೊಂಡೆ. ಹಾಲಿನಂತಿತ್ತು. ಹೊರಗೆ ಬಂದು ಅವಳ ಅಂಗೈ ನೋಡಿದೆ. ಹಣೆ ಮುಟ್ಟಿದೆ. ಬೆಚ್ಚಗಿತ್ತು.

"ಕಾಶವ್ವಾ, ಡಾಕ್ಟರ ಕಡೆ ಹೋಗೂಣು."

"ಯಾಕ? ಬ್ಯಾನಿನ ಇಲ್ಲ, ಡಾಕ್ಟರಿಗೆ ಏನ ತೋರಸಲಿ, ಬಜ್ಜಿನ?"

"ಕಣ್ಣ ಹಳದಿ ಆಗ್ಯಾವು."

"ನೂಲಿನ ಬಣ್ಣ ಹತ್ತಿರಬೇಕು," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ಹೆಣೆಯಲು ಕೂತಳು. ನೋವಿಲ್ಲದವರನ್ನು ಆಸ್ಪತ್ರೆಗೆ ಹೊರಡಿಸುವುದೆಂದರೆ ಹೊಟ್ಟೆ ತುಂಬಿದ ಎಮ್ಮೆಯನ್ನು ದೊಡ್ಡಿಯಿಂದ ಎಬ್ಬಿಸಿದಂತೆ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿದರೆ ಆ ಕ್ಷಣವೇ ಫೋನು ಕಿತ್ತುಕೊಳ್ಳುತ್ತಾಳೆ. ಕಿತ್ತುಕೊಂಡರೆ ಈ ಕುಡುಗೋಲು ಅವಳ ಪಕ್ಕೆಗೆ ಹೋಗುತ್ತದೆ. ಈಗ ಅದು ಯುಗಾದಿಯ ದಿನಗಳ ಬೇನೆಯಾಗಿ ಉಳಿದಿರಲಿಲ್ಲ. ದಿನದಿನಕ್ಕೆ ಬೆಳೆದು ಬೆನ್ನಿಗೆ ದಾಟಿ ಹೆಗಲಿಗೆ ಏರಿತ್ತು. ಬಾಯಿ ಮುಚ್ಚಿಕೊಂಡೆ. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಪಕ್ಕೆ ಹಿಡಿದು, ಇಷ್ಟು ದಿನ ನುಂಗಿದ್ದನ್ನೆಲ್ಲ ಒಮ್ಮೆಲೇ ಹೊರಗೆ ಬಿಟ್ಟು ನರಳಿದೆ.

"ಯವ್ವಾ, ಏನಾತ?" ಕಾಶವ್ವ ತಂತಿ ಬಿಸಾಕಿ ಓಡಿ ಬಂದಳು. "ನೋಡ, ಕಷಾಯ ನೆಟ್ಟಗ ಕುಡೀಲಿಲ್ಲ! ಏಳ, ಡಾಕ್ಟರ ಕಡೆ ನಡಿ." ನನಗೆ ಬೇಕಾದ್ದೂ ಅಷ್ಟೇ.

ಊರ ದವಾಖಾನೆಯಲ್ಲಿ ಡಾಕ್ಟರ್ ರುಬೀನಾ ಎಂಬ ಹೊಸ ಡಾಕ್ಟರಮ್ಮ. ಹೊರಗಿನಿಂದ ಬಂದವರು. ಅವರ ಫೋನಿನ ಕಾಳನ್ನು ನಾನೇ ತೆಗೆದಿದ್ದೆ. ತೆಗೆಯುವಾಗ, "ಇದೆಲ್ಲ ನೀವು ನಂಬತೀರಾ ಅಜ್ಜಿ?" ಎಂದು ನಕ್ಕಿದ್ದರು. ಈಗ ನನ್ನನ್ನು ಮಲಗಿಸಿ, ಹೊಟ್ಟೆ ಒತ್ತಿ, ಎಣ್ಣೆಯಂಥದ್ದು ಸವರಿ, ಯಂತ್ರ ಆಡಿಸಿ ನೋಡಿದರು. ಅದರ ಪರದೆಯನ್ನು ತಿರುತಿರುಗಿಸಿ ನೋಡಿದರು.

"ಅಜ್ಜಿ, ನಿಮ್ಮ ಹೊಟ್ಟೆ ಇಪ್ಪತ್ತರ ಹುಡುಗಿ ಹೊಟ್ಟೆ ಇದ್ದಂಗಿದೆ. ಏನೂ ಇಲ್ಲ."

"ಅಯ್ಯ ನಿನ್ನ!" ಕಾಶವ್ವ ಹಣೆ ಬಡಿದುಕೊಂಡಳು. "ತಂತಿ ಅರ್ಧಕ್ಕ ಬಿಟ್ಟ ಬಂದೀನಿ. ನಾಟಕ ಕಂಪನಿ ಸೇರಬೇಕಿತ್ತ ನೀ."

"ಡಾಕ್ಟರವ್ವಾ," ಎಂದೆ ನಾನು, "ಬಂದದ್ದಾಗೇತಿ, ಇವಳನ್ನೂ ಒಮ್ಮಿ ನೋಡ್ರಿ. ಕಣ್ಣ ನೋಡ್ರಿ."

ಡಾಕ್ಟರಮ್ಮ ಕಾಶವ್ವನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ನಗು ಹೋಯಿತು. "ನೀವು ಮಲಗ್ರಿ," ಎಂದರು. ನನ್ನನ್ನು ಹೊರಗೆ ಕಳಿಸಿ ಬಟ್ಟೆಯ ಪರದೆ ಎಳೆದರು. ನಾನು ಪರದೆಯ ಈಚೆ ಗೋಡೆಗೆ ಅಂಗೈ ಊರಿ ನಿಂತೆ. ಮುಂದೆ ಏನಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ನಾನು ಡಾಕ್ಟರರನ್ನು ನೆನೆದಿದ್ದೆನೇ ಹೊರತು ಅವರ ಬೆರಳನ್ನು ನೆನೆದಿರಲಿಲ್ಲ.

"ಇಲ್ಲಿ ನೋವು?"

"ಇಲ್ಲರಿ."

"ಇಲ್ಲಿ?"

"ಎಲ್ಲೂ ಇಲ್ಲರಿ. ಕಷಾಯ ಕುಡದೀನಿ."

"ಉಸಿರು ಎಳೀರಿ. ಈಗ ಇಲ್ಲಿ?"

ಕಿರುಚಿದ್ದು ನಾನು. ತಡೆಯಬೇಕೆಂದರೂ ಆಗಲಿಲ್ಲ. ಗೋಡೆ ಹಿಡಿದು ಕೆಳಕ್ಕೆ ಜಾರಿದೆ. ಮತ್ತೆ ಆ ಬೆರಳು ಅದೇ ಜಾಗಕ್ಕೆ ಇಳಿಯಿತು. ಮತ್ತೆ ಕಿರುಚಿದೆ.

"ಅಕ್ಕಾ, ಡಾಕ್ಟರು ನನ್ನ ಒತ್ತಿದ್ರ ನೀ ಯಾಕ ಒದರತಿ?" ಎಂದು ನಗುತ್ತ ಕೇಳಿದ ಕಾಶವ್ವನ ದನಿ, ಮಾತು ಮುಗಿಯುವ ಹೊತ್ತಿಗೆ ನಗು ಬಿಟ್ಟಿತ್ತು. ಅವಳೂ ಈ ಊರಿನವಳು. ಪರದೆ ಸರಕ್ಕನೆ ಸರಿಯಿತು. ಮೇಜಿನ ಮೇಲೆ ಎದ್ದು ಕೂತಿದ್ದಳು, ಸೊಂಟದಿಂದ ಫೋನು ತೆಗೆಯುತ್ತಿದ್ದಳು.

"ನಿಂದ ಕೊಡ ಇಲ್ಲಿ."

ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಅವಳದು ತಳ ಮುಟ್ಟಿತ್ತು, ನನ್ನದು ತುಂಬಿತ್ತು.

"ಎಂದಿನಿಂದ?"

"ಯುಗಾದಿ ಹಿಂದಿಂದ."

"ನಾ ಬಜ್ಜಿ ತಿಂದಾಗೆಲ್ಲ?"

"ಹೂಂ."

"ಬೀಗರ ಮನಿ ಊಟದಾಗ, ನಾ ಮೂರ ಸಲ ತುಪ್ಪ ಹಾಕಿಸಿಕೊಂಡಾಗ?"

"ಅವತ್ತ ಜರಾ ಜಾಸ್ತಿ ಇತ್ತು."

"ಮ್ಯಾಲ ಕಷಾಯ ಬ್ಯಾರೆ ಕುಡಿಸಿದ್ನಲ್ಲಬೇ ನಿಂಗ!" ಎಂದು ಒದರಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಒಂದ ಮಾತ ಹೇಳಬಾರದಿತ್ತೇನ? ನಾ ಕೇಳಿದ್ನ್ಯಾ, ನನ್ನ ಬ್ಯಾನಿ ತಗೋ ಅಂತ? ನನ್ನ ಹೊಟ್ಟಿ, ನಂಗ ಗೊತ್ತಿಲ್ಲದಂಗ!"

ಡಾಕ್ಟರಮ್ಮ ನಮ್ಮಿಬ್ಬರನ್ನೂ ಬದಲು ಬದಲಾಗಿ ನೋಡುತ್ತಿದ್ದರು. ಅವರಿಗೆ ನಂಬಿಕೆ ಬಂದಿತ್ತೋ ಇಲ್ಲವೋ. ಆದರೆ ಯಂತ್ರವನ್ನು ಕಾಶವ್ವನ ಪಕ್ಕೆಯ ಮೇಲೆ ಆಡಿಸಿ, ಅದರ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಪಿತ್ತಕೋಶದ ತುಂಬ ಕಲ್ಲು. ಒಂದು ಜಾರಿ ಹೋಗಿ ನಾಳಕ್ಕೆ ಸಿಕ್ಕಿಕೊಂಡಿದೆ. ಜ್ವರವಿದೆ, ಕೀವಾಗಿರಬಹುದು. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾಳೆ ಎನ್ನುವಂತಿಲ್ಲ. ನಾನು ಆ ಪರದೆಯನ್ನೇ ನೋಡಿದೆ. ಬೂದು ಬಣ್ಣದಲ್ಲಿ ಸಣ್ಣಸಣ್ಣ ಬಿಳಿ ಕಲ್ಲು. ಮೊರದಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ಆರಿಸುತ್ತಿದ್ದೆ.

"ಯುಗಾದಿಯಲ್ಲೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ," ಎಂದರು ಡಾಕ್ಟರಮ್ಮ. ಬೈಯುವ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋವು ನೀವು ತಗೊಂಡ್ರಿ ಅಜ್ಜಿ. ರೋಗ ಅಲ್ಲೇ ಇತ್ತು. ಹೇಳೋರು ಯಾರೂ ಇರಲಿಲ್ಲ ಅಷ್ಟೆ. ಅಲ್ಲಿ ಆಪರೇಷನ್ ಆದಮೇಲೆ ಎಲ್ಲಿ ನೋವು, ಎಷ್ಟು ನೋವು ಅಂತ ಡಾಕ್ಟರು ಇವರನ್ನೇ ಕೇಳ್ತಾರೆ. ಇವರೇ ಹೇಳಬೇಕು."

"ತಗಿ ಕಾಳು," ಎಂದಳು ಕಾಶವ್ವ.

"ಗಾಡಿ ಬರಲಿ. ಆಸ್ಪತ್ರಿ ಮುಟ್ಟೂ ತನಕ ಇರಲಿ. ಘಾಟಿನ ದಾರಿ, ಎತ್ತಿ ಎತ್ತಿ ಕುಕ್ಕತೈತಿ."

"ಕುಕ್ಕಲಿ."

"ಕಾಶವ್ವಾ, ನಿಂಗ ಗೊತ್ತಿಲ್ಲ ಅದು ಎಷ್ಟ—"

"ಅದನ್ನ ಅನ್ನಾಕತ್ತೀನಿ ನಾನೂ. ನಂಗ ಗೊತ್ತಿಲ್ಲ. ತಗಿ."

ರವಿಕೆಯ ಅಂಚಿನಿಂದ ಸೂಜಿ ತೆಗೆದೆ. ಅವಳ ಫೋನಿನ ಬೆನ್ನು ಬಿಚ್ಚಿದೆ. ಕಾಳು ಎಲ್ಲಿದೆಯೆಂದು ನನ್ನ ಬೆರಳಿಗೆ ಗೊತ್ತು, ಆದರೆ ಬೆರಳು ಅಲ್ಲಿಗೆ ಹೋಗಲಿಲ್ಲ. ಸೂಜಿ ಪಕ್ಕಕ್ಕೆ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಕಾಶವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ನೂಲು ಹೆಣೆದೂ ಹೆಣೆದೂ ಗಟ್ಟಿಯಾದ ಕೈ. ಅವಳು ಹಿಡಿದಳು, ನಾನು ಮೀಟಿದೆ. ಎಳ್ಳಿನಷ್ಟು ಕಾಳು ಸಿಡಿದು ನೆಲಕ್ಕೆ ಬಿತ್ತು, ಎಲ್ಲಿ ಬಿತ್ತೋ ಕಾಣಲಿಲ್ಲ.

ನಾನು ನೆಟ್ಟಗಾದೆ. ಅವಳು ಬಾಗಿದಳು. ಅಷ್ಟೇ ಆದದ್ದು. ನನ್ನ ಪಕ್ಕೆಯಿಂದ ತುಂಬಿದ ಕೊಡವೊಂದನ್ನು ಇಳಿಸಿಕೊಂಡಂತಾಗಿ ಉಸಿರು ಆಳಕ್ಕೆ ಹೋಯಿತು. ಎಷ್ಟೋ ದಿನದ ಮೇಲೆ ಸಿಕ್ಕ ಆ ಹಗುರ ಎಷ್ಟು ಹಿತವಾಗಿತ್ತೆಂದರೆ ನನಗೇ ಹೇಸಿಕೆಯಾಯಿತು. ಕಾಶವ್ವ ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ, ಬೆವರಿ, ಎಷ್ಟೋ ಹೊತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು.

"ಇಷ್ಟ ಇತ್ತೇನ?" ಎಂದಳು. ಉಸಿರಿಗೆ ಒಂದೊಂದೇ ಮಾತು. "ಇದನ್ನ ಇಟಗೊಂಡ... ಬ್ಯಾಳಿ ಆರಸತಿದ್ದೆ?"

ಘಾಟಿನ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಗಾಡಿ ಕುಕ್ಕಿದಾಗಲೆಲ್ಲ ನನ್ನ ಸೊಂಟ ಹಿಡಿದುಕೊಂಡು ಕೂಗುತ್ತಿದ್ದಳು. ನಾನು ಹಣೆ ಸವರುತ್ತಿದ್ದೆ. ಬೇರೆ ಊರಿನವರು ಇದನ್ನೇ ಅಲ್ಲವೆ ಮಾಡುವುದು, ಅವರಿಗೆ ಹೇಗೆ ಸಾಕಾಗುತ್ತದೆಯೋ ಎಂದುಕೊಂಡೆ. ಪ್ರತಿ ತಿರುವಿಗೂ ಕೈ ತಾನಾಗಿಯೇ ನನ್ನ ಫೋನಿಗೆ ಹೋಗುತ್ತಿತ್ತು. ಅದು ತುಂಬಿಯೇ ಇತ್ತು, ಯಾರ ಉಪಯೋಗಕ್ಕೂ ಬಾರದೆ.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಬಾಗಿಲಾಚೆ ಒಯ್ದರು. ನಾನು ಬೆಂಚಿನ ಮೇಲೆ ಕೂತೆ. ನನ್ನ ಹೊಟ್ಟೆ ಸುಮ್ಮನಿತ್ತು. ಅದೇ ದೊಡ್ಡ ಭಯ. ಇಷ್ಟು ದಿನ ಅವಳಿಗೆ ಒಳಗೆ ಏನಾಗುತ್ತಿದೆಯೆಂದು ನನ್ನ ಪಕ್ಕೆ ಹೇಳುತ್ತಿತ್ತು. ಈಗ ಇದ್ದಾಳೋ ಇಲ್ಲವೋ ಎಂದು ಹೇಳುವವರು ಆ ಬಾಗಿಲಿನಿಂದಲೇ ಬರಬೇಕು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆ. ಯಾರುಯಾರದೋ ಹೆಸರು ಕೂಗಿದರು. ಪಕ್ಕದಲ್ಲಿ ಕೂತ ಇಬ್ಬರು ಹುಡುಗಿಯರು ತಂತಿಯಿಲ್ಲದೆ ಒಂದು ಫೋನಿನಿಂದ ಇನ್ನೊಂದಕ್ಕೆ ಏನೋ ಕಳಿಸಿಕೊಂಡು ನಗುತ್ತಿದ್ದರು. ಹೊರಗಿನವರ ನಡುವೆ ಅದು ಏನೂ ಅಲ್ಲ ಎಂದು ಗೊತ್ತಿದ್ದರೂ ನಾನು ಒಂದು ಬೆಂಚು ಸರಿದು ಕೂತೆ.

ಕೊನೆಗೆ ಬಂದ ಡಾಕ್ಟರು ಕೀವಾಗಿತ್ತೆಂದರು, ತೆಗೆದಿದ್ದೇವೆಂದರು, ಇನ್ನೂ ಕಾದು ನೋಡಬೇಕೆಂದರು.

ಕಾಶವ್ವನಿಗೆ ಎಚ್ಚರವಾದದ್ದು ಮರುದಿನ ಬಿಸಿಲೇರಿದ ಮೇಲೆ. ನರ್ಸು ಬಾಗಿ, "ಅಮ್ಮಾ, ಎಲ್ಲಿ ನೋವು?" ಎಂದು ಕೇಳಿದಳು. ನನ್ನ ಬಾಯಿ ತಾನಾಗಿಯೇ ತೆರೆಯಿತು, ಹೇಳಲು ಏನೂ ಇರಲಿಲ್ಲ. ಕಾಶವ್ವ ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ, ಪಕ್ಕೆ ತೋರಿಸಿದಳು, ಆಮೇಲೆ ತಡೆದು, ಹೆಗಲು ತೋರಿಸಿದಳು. "ಇಲ್ಲಿ ಚುಚ್ಚತೈತಿ. ಇಲ್ಲಿ ಬರೇ ಜಗ್ಗತೈತಿ," ಎಂದಳು. ನರ್ಸು ಪಕ್ಕೆಗೆ ಹಾಕಿದ್ದ ನಳಿಗೆಯನ್ನು ಸ್ವಲ್ಪ ಸರಿಪಡಿಸಿ, ಔಷಧಿ ಕೊಟ್ಟು ಹೋದಳು.

"ಅಕ್ಕಾ."

"ಹೂಂ."

"ಭಾಳ ನೋಯತೈತಿ."

"ಹೌದವಾ," ಎಂದೆ. ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ, "ಹುಚ್ಚೀರಪ್ಪನ ಕಾಗದ ಎಲ್ಲೈತಿ?" ಎಂದಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು, ಮಸಿ ಯಾಕೆ ಚೆಲ್ಲಿತೆಂಬುದೂ. ಚೀಲದ ತಳದಿಂದ ತೆಗೆದು ತೋರಿಸಿದೆ. ಪಾಕೀಟಿಗೆ ಅಂಟು ಹಚ್ಚಿರಲಿಲ್ಲ.

"ಓದ."

ಓದಿದೆ. ನಮ್ಮೂರಿಗೆ ಕಳಿಸುವ ಫೋನುಗಳಲ್ಲಿ ತಂತಿಯಿಲ್ಲದೆ ಜೋಡಿ ಮಾಡುವ ಕಾಳನ್ನು ಹಾಕಬಾರದಾಗಿ, ಇರುವ ಫೋನುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇವೆ. ಕೆಳಗೆ ಊರವರ ಸಹಿ, ಹೆಬ್ಬೆಟ್ಟು. ಹುಚ್ಚೀರಪ್ಪನದು ಎಲ್ಲಕ್ಕಿಂತ ದೊಡ್ಡದು.

ಅವಳು ಚಾವಣಿ ನೋಡುತ್ತ ಯೋಚಿಸಿದಳು. "ಒಂದ ಸಾಲ ಬಿಟ್ಟಿ."

"ಯಾವುದು?"

"ಈಗಿನ ಹೊಸ ಫೋನಿನ್ಯಾಗ ತಂತಿ ಚುಚ್ಚೋ ತೂತನ ಇರಂಗಿಲ್ಲಂತ. ಮದವಿ ಮನ್ಯಾಗ ಯಾರೋ ಅನ್ನಾಕತ್ತಿದ್ರು. ಕಾಳೂ ಇಲ್ಲ, ತೂತೂ ಇಲ್ಲ ಅಂದ್ರ ನಾವೇನ ಗೋಡಿಗೆ ಹಾಡ ಹೇಳೂಣ? ನನ್ನ ನೂಲು ಏನಾಗಬೇಕು? ಬರಿ, ತೂತ ಮುಚ್ಚಬ್ಯಾಡ್ರಿ ಅಂತ."

ನರ್ಸಿನ ಪೆನ್ನು ಕೇಳಿ ತಂದೆ. ಮೊಳಕಾಲ ಮೇಲೆ ಕಾಗದವಿಟ್ಟು, ಸಹಿಗಳ ಕೆಳಗೆ ಉಳಿದಿದ್ದ ಅಷ್ಟೇ ಜಾಗದಲ್ಲಿ ಬರೆದೆ: ತಂತಿ ಚುಚ್ಚುವ ತೂತನ್ನು ಮಾತ್ರ ದಯವಿಟ್ಟು ಮುಚ್ಚಬೇಡಿರಿ. ಜಾಗ ಇಕ್ಕಟ್ಟಾಗಿದ್ದರಿಂದ ಅಕ್ಷರ ದುಂಡಗೆ ಬರಲಿಲ್ಲ. ತಿದ್ದಿ ಬರೆಯಲೇ ಎಂದುಕೊಂಡೆ.

"ಹೋಗ, ಹಾಕಿ ಬಾ," ಎಂದಳು ಕಾಶವ್ವ, ನನ್ನ ಮನಸ್ಸು ಅಲ್ಲೇ ಕಂಡವಳಂತೆ. "ಹೋಳಗಿ ಹೊತ್ತಿದ್ರ ಹೊತ್ತಲಿ."

ಟಪಾಲು ಡಬ್ಬಿ ಆಸ್ಪತ್ರೆಯ ಅಂಗಳದಲ್ಲಿ, ಅವಳ ವಾರ್ಡಿನ ಕಿಟಕಿಗೆ ನೇರವಾಗಿ ಇತ್ತು. ಪಾಕೀಟಿನ ಅಂಟು ನಾಲಿಗೆಗೆ ಕಷಾಯಕ್ಕಿಂತ ಸಪ್ಪೆ. ಅಂಟಿಸಿದೆ. ಡಬ್ಬಿಯ ಬಾಯಿಗೆ ಅರ್ಧ ತೂರಿಸಿದೆ, ಹಾಗೇ ಹಿಡಿದು ನಿಂತೆ. ಕಾಗದ ಹೋದರೆ ನನ್ನ ಫೋನಿನಲ್ಲಿ ಉಳಿದ ಆ ಒಂದು ಕಾಳೂ ಹೋಗುತ್ತದೆ. ಇವತ್ತು ಅವಳು ಬದುಕಿದ್ದಾಳೆ, ನಾಳೆ ಇನ್ನೇನಾದರೂ ಆದರೆ?

ಕಿಟಕಿಯಿಂದ ಕಾಶವ್ವನ ನರಳಾಟ ಬಂತು. ಹೊರಳಲು ನೋಡಿರಬೇಕು. ನನ್ನ ಕೈ ಅಭ್ಯಾಸಬಲದಿಂದ ಪಕ್ಕೆಗೆ ಹೋಯಿತು. ಪಕ್ಕೆ ಸುಮ್ಮನಿತ್ತು. ನರಳಾಟ ನನ್ನ ಕಿವಿಗಷ್ಟೇ ಕೇಳಿಸುತ್ತಿತ್ತು. "ಬಂದೆ ತಡಿ ಕಾಶವ್ವಾ," ಎಂದು ಕಿಟಕಿಗೆ ಕೂಗಿ ಹೇಳಿ, ಕಾಗದ ಬಿಟ್ಟೆ.